ಒಬ್ಬರು ಕೂರುವ ಗಾಡಿ

ಶೆಡ್ಡಿನ ಹಿಂದಿನ ಬಯಲಲ್ಲಿ ಒಂದು ಸುತ್ತು ಹೊಡೆದು ಬಂದು ಇಳಿದಾಗ ಅವನ ಬೆನ್ನು ಹಗುರವಾಗಿತ್ತು. ಬಹಳ ದಿನದಿಂದ ಯಾರೋ ಅಲ್ಲಿ ಒತ್ತಿ ಇಟ್ಟಿದ್ದ ಅಂಗೈಯನ್ನು ತೆಗೆದುಕೊಂಡ ಹಾಗೆ. ಆ ಹಗುರವನ್ನು ಅವನು ಗಾಡಿಯ ಗುಣವೆಂದೇ ತಿಳಿದ. ಹಳೆಯ ಕಾಲದ ಮೋಟಾರ್ ಸೈಕಲ್ಲು, ಅವನ ಪ್ರಾಯದ್ದೇ ಇರಬೇಕು. ಒಂದೇ ಸಿಲಿಂಡರು, ಕಾಲಿನಿಂದ ಒದ್ದೇ ಎಬ್ಬಿಸಬೇಕು, ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಈಗಿನವರು ಹತ್ತಿದರೆ ಬ್ರೇಕೆಂದು ಗೇರು ತುಳಿದು ಗೋಡೆಗೆ ಮುತ್ತು ಕೊಟ್ಟು ಬರುತ್ತಾರೆ. ಅವನ ಕಾಲು ಮರೆತಿರಲಿಲ್ಲ. ಮನುಷ್ಯ ಮರೆತದ್ದನ್ನು ಕಾಲು ನೆನಪಿಟ್ಟುಕೊಂಡಿರುತ್ತದೆ ಎಂದು ಅವನಿಗೆ ಖುಷಿಯಾಗಿ, ಆ ಖುಷಿ ಮುಖದ ಮೇಲೆ ಬಾರದ ಹಾಗೆ ಟ್ಯಾಂಕಿನ ಮೇಲೆ ಕೈಯಾಡಿಸುತ್ತ ನಿಂತ. ಗಾಡಿಯನ್ನು ಹೀಗೆ ಬದಲಾಯಿಸಿದ್ದ ಮೆಕ್ಯಾನಿಕ್ಕನನ್ನು ಎಲ್ಲರೂ ಇಂಚು ಎನ್ನುತ್ತಿದ್ದರು. ಹಸಿವಾದರೂ ಅರ್ಧ ಇಂಚು ಹಸಿವು ಎನ್ನುವ ಮನುಷ್ಯ. ಟ್ಯಾಂಕು ಬೇರೆ ಗಾಡಿಯದು, ಹ್ಯಾಂಡಲು ತಗ್ಗಿಸಿದ್ದು, ಮಡ್‌ಗಾರ್ಡು ಕತ್ತರಿಸಿದ್ದು, ಸೈಲೆನ್ಸರಿಗೆ ಗಾಯದ ಪಟ್ಟಿ ಸುತ್ತಿದ ಹಾಗೆ ಬಟ್ಟೆ ಸುತ್ತಿದ್ದು, ಒಂದೊಂದನ್ನೂ ಮುಟ್ಟಿ ಮುಟ್ಟಿ ತೋರಿಸಿದ್ದ. ಅವನೂ ಮೈಯೆಲ್ಲ ಕಣ್ಣಾಗಿ ನೋಡಿದ್ದ. ಎಂಜಿನ್ನಿನ ಸದ್ದಿಗೆ ಕಿವಿಯಿಟ್ಟು ಕೇಳಿದ್ದ, ಕೆಳಗೆ ಬಗ್ಗಿ ಎಣ್ಣೆ ಸೋರುತ್ತದೆಯೇ ಎಂದು ಬೆರಳಿಟ್ಟು ನೋಡಿದ್ದ, ಚೈನಿನ ಸಡಿಲ ಎಷ್ಟಿದೆ ಎಂದು ಎತ್ತಿ ನೋಡಿದ್ದ. ಕೇಳಬೇಕಾದದ್ದು ಇನ್ನೇನೂ ಉಳಿದಿಲ್ಲ ಎನ್ನುವಾಗ ಬಾಗಿಲಿಗೆ ಒರಗಿ ನಿಂತಿದ್ದ ಭಾವಮೈದ, ಹೆಂಡತಿಯ ತಮ್ಮ, ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡಿ ಮಾಡಿ ಯಾರನ್ನು ಕಂಡರೂ ಮೊದಲು ಪಾದ ನೋಡುವವನು, ಈಗಲೂ ನೆಲ ನೋಡಿಕೊಂಡೇ ಕೇಳಿದ.

"ಎಲ್ಲಾ ಸರಿ ಭಾವ. ಅಕ್ಕ ಎಲ್ಲಿ ಕೂತ್ಕೋತಾಳೆ?"

ಆಗ ಅವನು ನೋಡಿದ. ಅಂಗೈಯಗಲದ ಸೀಟು, ಹಿಂದೆ ಬಾತುಕೋಳಿಯ ಬಾಲದ ಹಾಗೆ ಮೇಲಕ್ಕೆ ಎದ್ದು ಅಲ್ಲಿಗೇ ಮುಗಿದಿತ್ತು. ಅದರ ಕೆಳಗೆ ಎರಡು ಸರಳುಗಳನ್ನು ಗರಗಸದಲ್ಲಿ ಕೊಯ್ದು, ತುದಿಗೆ ಬಿರಡೆ ಬಡಿದು, ಮೇಲೆ ಕಪ್ಪು ಬಣ್ಣ ಹೊಡೆದಿತ್ತು. ಅದಕ್ಕೂ ಹಿಂದೆ ಬರಿಯ ಚಕ್ರ. ಅಲ್ಲಿ ಒಬ್ಬರು ಕೂರುವ ಜಾಗ ಇರಬೇಕಾಗಿತ್ತು ಎಂಬುದು ಮಕ್ಕಳಿಗೂ ಕಾಣುವಂಥದ್ದು. ಇಷ್ಟು ಹೊತ್ತು ಸುತ್ತ ಸುತ್ತಿದವನಿಗೆ ಕಂಡಿರಲಿಲ್ಲ. ಗಾಡಿ ನೋಡಲು ಬಂದದ್ದೇ ಅವಳಿಗೋಸ್ಕರ. ವಾರಕ್ಕೆ ಎರಡು ಸಲ ಆಸ್ಪತ್ರೆಗೆ ಹೋಗಿ ರಕ್ತ ತೊಳೆಸಿಕೊಂಡು ಬರಬೇಕು ಅವಳು, ಮೂತ್ರಪಿಂಡ ಎರಡೂ ಕೈಬಿಟ್ಟಿವೆ. ಇದ್ದ ಸಣ್ಣ ಗಾಡಿ ಕೆಟ್ಟು ಮೂಲೆ ಸೇರಿದ ಮೇಲೆ ಬಸ್ಸಿನಲ್ಲಿ ನಿಂತು ಬರುವುದು ಅವಳಿಂದ ಆಗುತ್ತಿರಲಿಲ್ಲ. ಅವನು ನಾಲಿಗೆಯನ್ನು ಹಲ್ಲಿನ ಮೇಲೆ ಒಮ್ಮೆ ಆಡಿಸಿ, ಅದನ್ನೇ ಕೇಳೋಣ ಅಂತಿದ್ದೆ ಎಂದ. ಸುಳ್ಳು ಹೊರಗೆ ಬಂದು ಎಂಜಿನ್ನಿನ ಬಿಸಿಯ ಹತ್ತಿರ ನಿಂತುಕೊಂಡಿತು. ಇಂಚು ಕೈಯೊರೆಸುವ ಬಟ್ಟೆಯನ್ನು ಒಮ್ಮೆ ಆ ಮಗ್ಗುಲು, ಒಮ್ಮೆ ಈ ಮಗ್ಗುಲು ತಿರುಗಿಸಿ ನೋಡಿದ, ಬಟ್ಟೆಯ ತಪ್ಪು ಎನ್ನುವ ಹಾಗೆ. ಆಮೇಲೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು ತೋರಿಸಿದ. ಬೇಕಾದರೆ ಇಷ್ಟು ಪೈಪು ಕೂಡಿಸಿ ಬೆಸೆಯಬಹುದು, ಸೀಟು ಉದ್ದ ಮಾಡಿಸಬಹುದು, ಅಮ್ಮನವರು ಕಾಲಿಡುವುದಕ್ಕೆ ಒಂದು ಕಡ್ಡಿ ಹಾಕಬಹುದು, ಅದೇನು ದೊಡ್ಡ ಕೆಲಸವಲ್ಲ. "ಆದ್ರೆ ಯಜಮಾನ್ರೇ, ಆಮೇಲೆ ಇದು ಇದಾಗಿರಲ್ಲ. ನೀವೇ ಯೋಚ್ನೆ ಮಾಡಿ," ಎಂದು ಸೀಮೆಸುಣ್ಣವನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡ.

ಬಸ್ಸಿನಲ್ಲಿ ಬರುವಾಗ ಭಾವಮೈದ ಚೌಕಾಸಿಯ ಲೆಕ್ಕ ಹೇಳುತ್ತಿದ್ದ, ಅವನು ಹೂಂಗುಟ್ಟುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ಅವನು ಹೆಗಲಲ್ಲ, ಹೆಗಲುಗಳ ನಡುವಿನ ಜಾಗವನ್ನು ಸೀಟಿಗೆ ಉಜ್ಜಿ ಉಜ್ಜಿ ನೋಡಿಕೊಳ್ಳುತ್ತಿದ್ದ. ಹಳೆಯ ಸಣ್ಣ ಗಾಡಿಯಲ್ಲಿ ಆಸ್ಪತ್ರೆಯಿಂದ ಬರುವಾಗ ಅವಳು ಹಣೆಯನ್ನು ಅಲ್ಲಿ ಊರುತ್ತಿದ್ದಳು. ಹೋಗುವಾಗ ನೆಟ್ಟಗೆ ಕೂತು, ಎದುರಿಗೆ ಬಂದವರ ಸೀರೆಯನ್ನೋ ಅಂಗಡಿಯ ಬೋರ್ಡನ್ನೋ ಆಡಿಕೊಂಡು ನಗುತ್ತ ಹೋಗುವವಳು, ಬರುವಾಗ ಹಿಂಡಿ ಒಗೆದ ಬಟ್ಟೆಯಾಗಿರುತ್ತಿದ್ದಳು. ಹಣೆಯ ಭಾರ ಎಷ್ಟು ತಾನೇ ಇದ್ದೀತು. ಆದರೂ ಅವನು ಬೆನ್ನು ಸೆಟೆಸಿಕೊಂಡೇ ಓಡಿಸಬೇಕಾಗುತ್ತಿತ್ತು. ಬಗ್ಗಿದರೆ ಜಾರಿಯಾಳು, ಅಲುಗಿದರೆ ವಾಂತಿ ಮಾಡಿಕೊಂಡಾಳು. ಮನೆ ಮುಟ್ಟುವಷ್ಟರಲ್ಲಿ ಅಂಗಿಯ ಆ ಭಾಗ ಒದ್ದೆಯಾಗಿರುತ್ತಿತ್ತು, ಬೆವರೋ ಕಣ್ಣೀರೋ ಜೊಲ್ಲೋ, ಕೇಳುವುದಕ್ಕೆ ಅವನು ಹೋಗಿರಲಿಲ್ಲ. ಆಮೇಲೆ ಆಮೇಲೆ ಆ ಭಾರ ಇಳಿಯುವುದನ್ನೇ ಬಿಟ್ಟಿತು. ಊಟಕ್ಕೆ ಕೂತರೂ ಅಲ್ಲಿ, ಕೆಲಸದಲ್ಲೂ ಅಲ್ಲಿ, ಮಗ್ಗುಲಾದರೂ ಅಲ್ಲಿ. ಗಾಡಿ ಕೆಟ್ಟು ನಿಂತ ಮೇಲೂ ಹಣೆ ಹೋಗಿರಲಿಲ್ಲ. ಇವತ್ತು ಆ ಬಯಲಲ್ಲಿ ಒಂದು ಸುತ್ತಿಗೆ ಅದು ಹೋಗಿತ್ತು. ಗಾಡಿಯ ಗುಣವಲ್ಲ ಅದು. ಅವಳು ಇರಲಿಲ್ಲ, ಅಷ್ಟೆ. ಇಷ್ಟು ಗೊತ್ತಾಗುವುದಕ್ಕೆ ಬಸ್ಸು ಅರ್ಧ ದಾರಿ ಬರಬೇಕಾಯಿತು. ಗೊತ್ತಾದ ಮೇಲೆ ಅವನು ಕಿಟಕಿಯ ಕಡೆ ಮುಖ ಮಾಡಿದ. ಭಾವಮೈದ, ನಿದ್ದೆ ಬಂತಾ ಭಾವ ಎಂದು ಕೇಳಿದ್ದಕ್ಕೆ ಹೌದು ಎಂದು ಕಣ್ಣು ಮುಚ್ಚಿದ. ಅದು ಆ ದಿನದ ಎರಡನೆಯ ಸುಳ್ಳು, ಮೊದಲನೆಯದಕ್ಕಿಂತ ಸಲೀಸಾಗಿ ಬಂತು.

ಮನೆಗೆ ಬಂದರೆ ಅವಳು ಹೊಸ್ತಿಲಲ್ಲಿ ಕೂತು ಬಾಯಲ್ಲಿ ಮಂಜುಗಡ್ಡೆಯ ಚೂರು ಇಟ್ಟುಕೊಂಡಿದ್ದಳು. ಕುಡಿಯುವ ನೀರಿಗೆ ಅವಳಿಗೆ ಮಿತಿ ಇತ್ತು. ಒಂದು ಸ್ಟೀಲಿನ ಲೋಟ, ಬೆಳಗ್ಗೆ ತುಂಬಿದರೆ ದಿನಕ್ಕೆಲ್ಲ ಅದೇ. ಬಾಯಾರಿಕೆ ತಡೆಯಲಾಗದಾಗ ಮಂಜಿನ ಚೂರು ಚೀಪಿ ಅದನ್ನು ಏಮಾರಿಸುತ್ತಿದ್ದಳು. ಅವನು ಒಳಗೆ ಹೋಗಿ ನಲ್ಲಿಯ ಕೆಳಗೆ ಚೊಂಬನ್ನು ಓರೆ ಹಿಡಿದು, ನೀರು ಬೀಳುವ ಸದ್ದು ಕೇಳದ ಹಾಗೆ ತುಂಬಿಸಿ, ಗೋಡೆಯ ಕಡೆ ತಿರುಗಿ ಗುಟುಕು ಗುಟುಕಾಗಿ ಕುಡಿದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಹಾಗೆ ಅವನು ಆ ಮನೆಯಲ್ಲಿ ನೀರು ಕುಡಿಯುತ್ತಿದ್ದ. ಮೊದಮೊದಲು ಅವಳ ಮೇಲಿನ ಕರುಣೆಯಿಂದ ಹಾಗೆ ಮಾಡುತ್ತಿದ್ದದ್ದು ನಿಜ. ಬರಬರುತ್ತ ಅದು ಕಳ್ಳತನವೇ ಆಗಿತ್ತು, ಅದರಲ್ಲಿ ಕಳ್ಳತನದ ರುಚಿಯೂ ಸೇರಿತ್ತು. ಅವನು ತುಟಿ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ಭಾವಮೈದ ಅಕ್ಕನಿಗೆ ಎಲ್ಲ ಹೇಳಿ ಮುಗಿಸಿದ್ದ. ಅವನ ನಾಲಿಗೆಗೆ ಎಲುಬಿಲ್ಲ, ಕೆಟ್ಟ ಮನಸ್ಸೂ ಇಲ್ಲ. ಅವಳು ಮಂಜಿನ ಚೂರನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿ ಗಂಡನನ್ನು ನೋಡಿದಳು.

"ಒಬ್ರೇ ಕೂರೋ ಗಾಡೀನ ಇಬ್ರು ಹೋಗಿ ನೋಡ್ಕೊಂಡು ಬಂದ್ರಾ?"

ತಮ್ಮ ನಕ್ಕ. ಅವನೂ ನಕ್ಕ. ಅವಳು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಮಾತು ಅಲ್ಲಿಗೇ ಬಿಟ್ಟು, ಸಂಜೆಗೆ ಏನು ಬೇಯಿಸಲಿ ಎಂದು ಕೇಳಿ ಒಳಗೆ ಹೋದಳು. ತಾನೇ ಮುಂದಾಗಿ, ಅದು ಬೇಡ, ಬೇರೆ ನೋಡೋಣ ಎಂದು ಅವನು ಅನ್ನಬೇಕಾಗಿತ್ತು. ಅನ್ನುವುದಕ್ಕೆ ಸಂಜೆಯಿಡೀ ಸಮಯವಿತ್ತು. ತರಕಾರಿ ಹೆಚ್ಚಿಕೊಟ್ಟ, ಅವಳ ಮಾತ್ರೆ ಎತ್ತಿಕೊಟ್ಟ, ಬಾವು ಬಂದ ಅವಳ ಪಾದದ ಕೆಳಗೆ ದಿಂಬು ಇಟ್ಟ. ಕೈ ಮಾಡುವುದನ್ನೆಲ್ಲ ಮಾಡಿತು. ಬಾಯಿ ಮಾತ್ರ ಆ ಬಯಲಿನಲ್ಲೇ ಇತ್ತು.

ಅವನ ಕೆಲಸ ಅವಳು ಹೋಗುವ ಆಸ್ಪತ್ರೆಯಲ್ಲೇ, ನೆಲಮಾಳಿಗೆಯ ಬಟ್ಟೆ ಒಗೆಯುವ ವಿಭಾಗದಲ್ಲಿ. ದೊಡ್ಡ ದೊಡ್ಡ ಡ್ರಮ್ಮುಗಳಲ್ಲಿ ತಿರುಗಿ ಒಣಗಿ ಬಂದ ಹೊದಿಕೆಗಳನ್ನು ಇಬ್ಬಿಬ್ಬರಾಗಿ ಮಡಚಬೇಕು. ಎದುರು ಬದುರು ನಿಂತು ತಲಾ ಎರಡು ಮೂಲೆ ಹಿಡಿದು, ಒಮ್ಮೆ ಜಗ್ಗಿ, ಅರ್ಧಕ್ಕೆ ತಂದು, ಮತ್ತೆ ಜಗ್ಗಿ, ನಡೆದು ಬಂದು ತನ್ನ ಮೂಲೆಗಳನ್ನು ಎದುರಿನವರ ಕೈಗೆ ಕೊಡುವುದು. ಆ ಜಗ್ಗುವುದರಲ್ಲೇ ಎದುರಿನವರ ಮನಸ್ಸು ತಿಳಿಯುತ್ತದೆ, ಸಿಟ್ಟೋ ಸೋಮಾರಿತನವೋ ಮನೆಯಲ್ಲಿ ಜಗಳವೋ. ಮರುದಿನ ಅವನ ಎದುರಿಗೆ ನಿಂತಿದ್ದ ಹೆಂಗಸು, ಬಹಳ ವರ್ಷದಿಂದ ಅವನ ಜೊತೆಗಾತಿ, ಅವನು ಎರಡು ಸಲ ಮೂಲೆ ಕೈಬಿಟ್ಟಾಗ, "ಏನಣ್ಣಾ, ಮನಸ್ಸು ಎಲ್ಲಿ ಮೇಯ್ತಿದೆ?" ಎಂದಳು. ಎಲ್ಲೂ ಇಲ್ಲಮ್ಮ ಎಂದ. ನೀಲಿ ಅಂಚಿನವು ಬರತೊಡಗಿದವು. ನೀಲಿ ಅಂಚು ಎಂದರೆ ಮೇಲೆ ರಕ್ತ ತೊಳೆಯುವ ವಾರ್ಡಿನವು. ಈ ಹೊತ್ತಿನಲ್ಲಿ ಹೆಂಡತಿ ಅಲ್ಲಿ ಮಲಗಿರುತ್ತಾಳೆ, ತೋಳಿಗೆ ಎರಡು ನಳಿಕೆ, ಪಕ್ಕದಲ್ಲಿ ಸದ್ದು ಮಾಡುವ ಯಂತ್ರ, ಅಡಿಯಲ್ಲಿ ಇಂಥದ್ದೇ ಒಂದು ಹೊದಿಕೆ, ಅವನೇ ಎಂದೋ ಮಡಚಿ ಕಳಿಸಿದ್ದು. ಮೇಲಕ್ಕೆ ಹೋಗಿ ಒಂದು ಗಳಿಗೆ ಕೂತು ಬರುವುದಕ್ಕೆ ಯಾರೂ ಬೇಡವೆನ್ನುವುದಿಲ್ಲ. ಮೇಲ್ವಿಚಾರಕನೇ ಎಷ್ಟೋ ಸಲ, ಹೋಗಿ ಬಾರಯ್ಯಾ ಎಂದಿದ್ದಾನೆ. ಅವಳಿಗೆ ಮಾತ್ರ ಅವನು ಮೊದಲಿನಿಂದಲೂ, ಕೆಲಸದ ಹೊತ್ತಿನಲ್ಲಿ ಬಿಡುವುದಿಲ್ಲ ಎಂದು ಹೇಳಿಕೊಂಡು ಬಂದಿದ್ದ. ಮೊದಲ ಸಲ ಹೋದಾಗ ನಳಿಕೆಯಲ್ಲಿ ಅವಳ ರಕ್ತ ಹೊರಗೆ ಹೋಗುವುದನ್ನು ನೋಡಿ ಅವನಿಗೆ ತಲೆ ಸುತ್ತಿ ಬಂದು, ಅವಳೇ ಮಲಗಿದಲ್ಲಿಂದ ಕೈ ಚಾಚಿ, ಕೂತ್ಕೊಳ್ಳಿ, ಬಿದ್ದುಬಿಟ್ಟೀರಿ ಎಂದಿದ್ದಳು. ಸುತ್ತಲಿನ ಹಾಸಿಗೆಯವರೆಲ್ಲ ನಕ್ಕಿದ್ದರು, ಪಾಪ, ನಗುವುದಕ್ಕೆ ಅವರಿಗೂ ಇನ್ನೇನಿತ್ತು. ಆ ನಗುವಿನಿಂದಲೇ ಅವನು ಕೆಳಗೆ ಉಳಿದದ್ದು ಎಂದು ಇಷ್ಟು ದಿನ ತನಗೆ ತಾನೇ ಹೇಳಿಕೊಂಡಿದ್ದ. ಈಗ ನೀಲಿ ಅಂಚನ್ನು ಜಗ್ಗುತ್ತಿರುವಾಗ ಅದೂ ನಿಜವಲ್ಲ ಅನ್ನಿಸಿತು. ನಿಜ ಏನೆಂದು ಹುಡುಕಲು ಹೋದರೆ ಕೈಗೆ ಸಿಕ್ಕುತ್ತಿದ್ದದ್ದು ಆ ಹಗುರ ಒಂದೇ. ಎದುರಿನವಳು ಜಗ್ಗಿದಳು. ಅವನ ಕೈಯಿಂದ ಮೂಲೆ ಮತ್ತೆ ಜಾರಿತು. ಈ ಸಲ ಅವಳು ಹೊದಿಕೆಯನ್ನು ಪೂರ್ತಿ ತನ್ನ ಕಡೆಗೆ ಎಳೆದುಕೊಂಡು, ಎದೆಗೂ ಗದ್ದಕ್ಕೂ ಒತ್ತಿ ಹಿಡಿದು, ಒಬ್ಬಳೇ ಮಡಚಿ ಇಟ್ಟಳು.

ಮಧ್ಯಾಹ್ನ ಅವನ ಪಾಳಿ ಮುಗಿಯುವ ಹೊತ್ತಿಗೆ ಭಾವಮೈದ ಬಾಡಿಗೆ ಕಾರು ತಂದು ಗೇಟಿನಲ್ಲಿ ನಿಲ್ಲಿಸಿದ್ದ. ಕಾರಿನ ಹಿಂದಿನ ಸೀಟಿನಲ್ಲಿ ಒರಗಿ ಕೂತಿದ್ದ ಹೆಂಡತಿ ಅವನು ಹತ್ತುತ್ತಿದ್ದಂತೆ, ಶೆಡ್ಡಿಗೆ ಹೋಗೋಣ, ನಾನೂ ನೋಡಬೇಕು ಎಂದಳು. ಇವತ್ತು ಬೇಡ, ನಿನಗೆ ಸುಸ್ತು ಎಂದ. ಸುಸ್ತು ಇಲ್ಲದ ದಿನ ಯಾವುದಿದೆ ಹೇಳಿ, ಆ ದಿನವೇ ಹೋಗೋಣ ಎಂದಳು. ತಮ್ಮ ಮುಂದಿನ ಸೀಟಿನಿಂದಲೇ ಚಾಲಕನಿಗೆ ದಾರಿ ಹೇಳಿದ.

ಶೆಡ್ಡಿನಲ್ಲಿ ಇಂಚು ಅವಳಿಗೆ ಕೂರುವುದಕ್ಕೆ ಸ್ಟೂಲು ಒರೆಸಿ ತಂದಿಟ್ಟ. ಅವಳು ಕೂರಲಿಲ್ಲ. ಗಾಡಿಯ ಮುಂದೆ ನಿಂತಳು, ಪಕ್ಕಕ್ಕೆ ಬಂದಳು, ಟ್ಯಾಂಕಿನ ಮೇಲೆ ಬಗ್ಗಿ ತನ್ನ ಮುಖ ಕಾಣುತ್ತದೆಯೇ ಎಂದು ನೋಡಿಕೊಂಡಳು, ಚೆನ್ನಾಗಿ ಹೊಳೆಯುತ್ತೆ ಎಂದಳು. ಆಮೇಲೆ ಹಿಂದಕ್ಕೆ ಹೋಗಿ ಕೊಯ್ದ ಸರಳಿನ ತುದಿಗಳನ್ನು ಬೆರಳಿನಿಂದ ಸವರಿದಳು. ನಳಿಕೆ ತೆಗೆದು ಪಟ್ಟಿ ಸುತ್ತಿದ ತೋಳನ್ನು ಮಡಚಲಾಗದೆ, ಇಡೀ ಮೈಯನ್ನೇ ಬಾಗಿಸಿ ಸವರಬೇಕಾಯಿತು. ಇದನ್ನು ಕೊಯ್ದದ್ದು ನೀವೇನಾ ಎಂದು ಕೇಳಿದಳು. ಇಂಚು, ಹೌದಮ್ಮಾ ಎಂದ. ಯಾಕೆ ಎಂದಳು. ಹಿಂದೆ ಅದಕ್ಕೆ ಏನೂ ಕೆಲಸ ಇರಲಿಲ್ಲ, ಸುಮ್ಮನೆ ಭಾರ ಎಂದವನು ಮಾತು ಮುಗಿಯುವ ಮೊದಲೇ ತುಟಿ ಕಚ್ಚಿಕೊಂಡು, ಹಾಗಲ್ಲಮ್ಮಾ, ಓಟಕ್ಕೆ ಅಂತ ಹೇಳಿದೆ ಎಂದು ತೊದಲಿದ. ಅವಳು ನಕ್ಕಳು. ಸರಿಯಾಗೇ ಹೇಳಿದಿರಿ ಬಿಡಿ ಎಂದಳು. ಅವಳ ನಗೆಯಲ್ಲಿ ಕೊಂಕು ಇದ್ದಿದ್ದರೆ ಗಂಡನಿಗೆ ಒಂದು ದಾರಿ ಸಿಗುತ್ತಿತ್ತು, ಸಿಟ್ಟು ಮಾಡಿಕೊಂಡು ಗಾಡಿಯನ್ನು ಬೇಡವೆಂದು ಬಿಡಬಹುದಾಗಿತ್ತು. ಇರಲಿಲ್ಲ. ಅವಳು ಸ್ಟೂಲಿನ ಮೇಲೆ ಕೂತು, ಉಸಿರು ಒಂದು ಹದಕ್ಕೆ ಬರಲೆಂದು ಕಾದು, ಅವನ ಕಡೆ ತಿರುಗಿದಳು.

"ನಿನ್ನೆ ಇದ್ರ ಮೇಲೆ ಕೂತಾಗ ಹೇಗನ್ನಿಸ್ತು?"

"ಚೆನ್ನಾಗಿತ್ತು."

"ಚೆನ್ನಾಗಿತ್ತು ಅಂದ್ರೆ?"

"ಹಗುರ ಅನ್ನಿಸ್ತು."

ಅವನು ಹೇಳಲು ಹೊರಟದ್ದು ಎಂಜಿನ್ನಿನ ಬಗ್ಗೆ ಏನೋ. ಬಂದದ್ದು ಇದು. ಆಡಿದ ಮಾತನ್ನು ನುಂಗುವ ಹಾಗಿದ್ದರೆ ಲೋಕದಲ್ಲಿ ಅರ್ಧ ದುಃಖ ಇರುತ್ತಿರಲಿಲ್ಲ. ಗಾಡಿ ಹಗುರ ಎಂದು ಸೇರಿಸಬಹುದಾಗಿತ್ತು, ಸೇರಿಸಿದರೆ ಮೊದಲು ಹೇಳಿದ್ದು ಬೇರೆಯದೆಂದು ಒಪ್ಪಿಕೊಂಡಂತೆ. ಅವಳು ಅವನನ್ನು ನೋಡುತ್ತಲೇ ಇದ್ದಳು. ಬಾವಿನಿಂದ ಸಣ್ಣಗಾದ ಆ ಕಣ್ಣುಗಳಲ್ಲಿ ಅಚ್ಚರಿ ಇರಲಿಲ್ಲ. ಬಹಳ ದಿನದಿಂದ ತನಗೆ ಗೊತ್ತಿದ್ದದ್ದನ್ನು ಇನ್ನೊಬ್ಬರ ಬಾಯಿಂದ ಕೇಳಿದಾಗ ಮನುಷ್ಯರು ಹಾಗೆ ನೋಡುತ್ತಾರೆ. ಹಾಗಾದರೆ ತಗೊಳ್ಳಿ ಎಂದಳು. ತಮ್ಮ ನಡುವೆ ಬಂದು, ತಗೊಳ್ಳೋಣಕ್ಕಾ, ಇಂಚು ಹಿಂದೆ ಸೀಟು ಬೆಸೆದು ಕೊಡುತ್ತಾನೆ, ನೀನು ಆರಾಮಾಗಿ ಕೂರಬಹುದು ಎಂದ. ಅವಳು ಕೈ ಅಡ್ಡ ಆಡಿಸಿದಳು. "ಚೆನ್ನಾಗಿರೋದನ್ನ ಯಾಕೋ ಕೆಡಿಸ್ತೀರಾ. ನಾನು ಕಾರಲ್ಲೇ ಹೋಗಿ ಬರ್ತೀನಿ."

ಇಂಚು ಕಿವಿಯ ಸಂದಿಯಿಂದ ಸೀಮೆಸುಣ್ಣ ತೆಗೆದ. ಅಕ್ಕನನ್ನು ನೋಡಲಿಲ್ಲ, ತಮ್ಮನನ್ನು ನೋಡಲಿಲ್ಲ, ಅವನನ್ನೇ ನೋಡಿ, ಏನು ಮಾಡಲಿ ಯಜಮಾನ್ರೇ ಎಂದ. ಅವನಿಗೆ ಚೆನ್ನಾಗಿ ಗೊತ್ತಿತ್ತು. ಗಾಡಿಯೇ ಬೇಡ ನಡಿ ಎಂದರೆ ಸಾಕು. ಬೆಸೆದುಬಿಡು ಮಾರಾಯ ಎಂದರೂ ಸಾಕು. ಎರಡರಲ್ಲಿ ಯಾವುದನ್ನು ಹೇಳಿದರೂ ಇವತ್ತಿನ ದಿನ ನಿನ್ನೆಯ ಹಾಗೆ ಮುಂದೆ ಹೋಗುತ್ತಿತ್ತು. ಅವಳು ಕಾರಿನ ಕಡೆ ಮುಖ ಮಾಡಿದ್ದಳು, ಆದರೆ ಎದ್ದಿರಲಿಲ್ಲ. ಆ ಏಳದೆ ಇದ್ದದ್ದು ಕಾಯುವುದು ಎಂದು ಅವನಿಗೆ ಅರ್ಥವಾಯಿತು. ತಗೊಳ್ಳಿ ಎಂದವಳು, ಬೇಡ ಎನ್ನಿಸಿಕೊಳ್ಳುವುದಕ್ಕೆ ಕಾಯುತ್ತಿದ್ದಾಳೆ. ಜೀವಮಾನದಲ್ಲಿ ಅವಳು ಹಾಗೆ ಕಾದದ್ದು ಕಡಿಮೆ, ಬೇಕಾದ್ದನ್ನು ಕಿತ್ತು ತೆಗೆದುಕೊಳ್ಳುವ ಪೈಕಿ. ಮದುವೆಯಾದ ಹೊಸದರಲ್ಲಿ ಅವನ ತಟ್ಟೆಯಿಂದಲೇ ಕೈ ಹಾಕಿ ತಿಂದು, ನಿಮಗೆ ಬೇಡವೇನೋ ಅಂದ್ಕೊಂಡೆ ಎನ್ನುತ್ತಿದ್ದವಳು. ಇವತ್ತು ಸ್ಟೂಲಿನ ತುದಿಯಲ್ಲಿ, ಬೇರೆಯವರ ಮನೆಗೆ ಬಂದವಳ ಹಾಗೆ, ಸೀರೆಯ ನೆರಿಗೆಯನ್ನು ಮಂಡಿಯ ಮೇಲೆ ಸರಿ ಮಾಡಿಕೊಳ್ಳುತ್ತ ಕೂತಿದ್ದಳು. ಅವನು ಬಾಯಿ ತೆರೆದ. ತೆರೆದ ಬಾಯಿಗೆ ತನ್ನದೇ ಒಂದು ಇಷ್ಟ ಇದ್ದ ಹಾಗಿತ್ತು.

"ಇರಲಿ. ಹಾಗೇ ಇರಲಿ," ಎಂದ.

ಇಂಚು ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡ. ಅವಳು ತಲೆಯಾಡಿಸಿ, ಒಂದು ಕೆಲಸ ಮುಗಿಯಿತು ಎನ್ನುವಂತೆ ಎದ್ದು, ತಮ್ಮನ ತೋಳು ಹಿಡಿದು ಕಾರಿನ ಕಡೆ ನಡೆದಳು. ತಮ್ಮ ಒಮ್ಮೆ ತಿರುಗಿ ನೋಡಿದ. ಪಾದ ನೋಡಲಿಲ್ಲ, ಮುಖವನ್ನೇ ನೋಡಿದ.

ದಾರಿಯಲ್ಲಿ ಕಾರು ಮುಂದೆ, ಮುಂಗಡ ಕೊಟ್ಟು ತೆಗೆದುಕೊಂಡ ಗಾಡಿಯ ಮೇಲೆ ಅವನು ಹಿಂದೆ. ಇಷ್ಟು ವರ್ಷ ದಾರಿಯಲ್ಲಿ ಅವಳು ಹಿಂದೆ ಇದ್ದವಳು. ರಸ್ತೆಯಲ್ಲಿ ಹೋಗುತ್ತಿರುವ ಅವಳನ್ನು ಅವನು ನೋಡಿದ್ದೇ ಇಲ್ಲ. ಕಾರಿನ ಹಿಂಗಾಜಿನಲ್ಲಿ ಅವಳ ತಲೆ ಕಾಣುತ್ತಿತ್ತು. ನೆತ್ತಿಯಲ್ಲಿ ಕೂದಲು ಉದುರಿ ಅಂಗೈಯಷ್ಟು ಜಾಗ ಬಿಳಿಚಿಕೊಂಡಿತ್ತು, ಅದು ಯಾವಾಗ ಆಯಿತೋ ಗೊತ್ತಿಲ್ಲ. ಹಳ್ಳ ಬಂದಾಗ ಆ ತಲೆ ಒಂದು ಕಡೆ ವಾಲಿ ಗಾಜಿಗೆ ತಾಗಿ ಮತ್ತೆ ನೆಟ್ಟಗಾಗುತ್ತಿತ್ತು. ಹೊಟ್ಟೆ ತೊಳಸದಿರಲೆಂದು ಅವಳೇ ಚಾಲಕನಿಗೆ ಮೆಲ್ಲಗೆ ಎಂದಿರಬೇಕು, ಕಾರು ನಡೆಯುವವರ ವೇಗದಲ್ಲಿ ಹೋಗುತ್ತಿತ್ತು. ಹಳೆಯ ಎಂಜಿನ್ನಿಗೆ ಆ ವೇಗ ಒಗ್ಗದು. ಅದು ಅವನ ತೊಡೆಗಳ ನಡುವೆ ಬಿಸಿಯೇರುತ್ತ, ಕೆಮ್ಮುತ್ತ, ಬಿಡು ಬಿಡು ಎಂದು ಎಳೆಯುತ್ತಿತ್ತು. ಅವನು ಹಿಡಿದುಕೊಂಡೇ ಬಂದ. ಹೀಗೆ ಹಿಂದೆ ಹಿಂದೆ ಬಂದು ಮನೆ ಮುಟ್ಟಿಬಿಟ್ಟರೆ ಏನೋ ಒಂದು ಉಳಿಯುತ್ತದೆ ಎಂದು, ಏನು ಉಳಿಯುತ್ತದೆ ಎಂದು ತಿಳಿಯದೆಯೇ, ಹರಕೆ ಹೊತ್ತವನ ಹಾಗೆ ಆ ಬಿಳಿ ನೆತ್ತಿಯ ಮೇಲೆ ಕಣ್ಣಿಟ್ಟು ಬಂದ.

ದೊಡ್ಡ ರಸ್ತೆ ಸೇರುವಲ್ಲಿ ಕಾರಿನ ಕಿಟಕಿ ಇಳಿಯಿತು. ಒಂದು ಕೈ ಹೊರಗೆ ಬಂತು, ಮೊಣಕೈಯ ಮೇಲೆ ಬಿಳಿ ಪಟ್ಟಿ. ಮುಂದಿನ ಗಾಡಿಯವರು ಹಿಂದಿನವರಿಗೆ ದಾರಿ ಬಿಟ್ಟುಕೊಡುವಾಗ ಮಾಡುತ್ತಾರಲ್ಲ, ಹಾಗೆ ಆ ಕೈ ಗಾಳಿಯಲ್ಲಿ ಮುಂದಕ್ಕೆ ಬೀಸಿತು. ಹೋಗಿ, ಹೋಗಿ. ಅವನು ಹೋಗಲಿಲ್ಲ. ಕೈ ಒಳಗೆ ಹೋಗಲಿಲ್ಲ. ಮತ್ತೊಮ್ಮೆ ಬೀಸಿತು, ಈ ಸಲ ಸ್ವಲ್ಪ ಬೇಸರದಿಂದ, ಹೊಸ್ತಿಲಲ್ಲಿ ನಿಂತ ನಾಯಿಯನ್ನು ಅಟ್ಟುವ ಹಾಗೆ. ಅವನ ಬಲಗಾಲು ಗೇರು ಒತ್ತಿತು. ಗಾಡಿ ಒಮ್ಮೆ ಗುಟುರು ಹಾಕಿ ನೆಗೆದು ಕಾರಿನ ಪಕ್ಕಕ್ಕೆ ಬಂತು. ಕಿಟಕಿಯಲ್ಲಿ ಅವಳ ಮುಖ ಒಂದು ಚಣ ಕಂಡ ಹಾಗಾಗಿ, ಅದರಲ್ಲಿ ಏನಿತ್ತು ಎಂದು ನೋಡುವಷ್ಟರಲ್ಲಿ ಹಿಂದಕ್ಕೆ ಹೋಯಿತು. ಗಾಳಿ ಎದೆಗೆ ಬಡಿಯಿತು. ಅವಳು ಬರುತ್ತಿದ್ದಾಳೆಯೇ ಎಂದು ನೋಡಲು ಅವನು ಹ್ಯಾಂಡಲಿನ ಬಲಗಡೆ ನೋಡಿದ, ಎಡಗಡೆ ನೋಡಿದ. ಇಂಚು ಕನ್ನಡಿಗಳನ್ನೂ ತೆಗೆದುಬಿಟ್ಟಿದ್ದ. ಎರಡೂ ಕಡೆ ತಿರುಪು ಕೂರುವ ತೂತು ಮಾತ್ರ ಇತ್ತು. ಹಿಂದೆ ಇರುವುದನ್ನು ಕಾಣಬೇಕಾದರೆ ಕತ್ತನ್ನೇ ತಿರುಗಿಸಬೇಕಾಗಿತ್ತು. ರಸ್ತೆ ಖಾಲಿಯಿತ್ತು, ತಿರುಗಿಸಬಹುದಾಗಿತ್ತು. ಗಾಡಿ ತನ್ನಷ್ಟಕ್ಕೆ ತಾನೇ ಹೋಗುತ್ತಿತ್ತು, ನಿನ್ನೆಗಿಂತಲೂ ಹಗುರವಾಗಿ.